ನೋವಿಲ್ಲದ ರೋಗದ ವೇದನೆ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯಲ್ಲಿ ನರಹುಲಿಯ ಚರಿತ್ರೆ

ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಾವನ್ನು ಎಣಿಸುತ್ತಾರೆ. ರಾಯಲಸೀಮೆಯ ಮಟ್ಟಿಗೆ ಈ ಮಾತು ಇನ್ನಷ್ಟು ನಿಜ. 1876–78ರ ಮಹಾಕ್ಷಾಮ, ಕ್ಷಾಮದ ಜೊತೆಗೂಡಿ ಬಂದ ಕಾಲರಾ, ಶತಮಾನದ ಕೊನೆಯ ಪ್ಲೇಗು, ತಲೆಮಾರುಗಳ ಕಾಲ ಕಾಡಿದ ಸಿಡುಬು ಇವೆಲ್ಲಕ್ಕೂ ಸರ್ಕಾರಿ ವರದಿಗಳಿವೆ, ಅಂಕಿಸಂಖ್ಯೆಗಳಿವೆ, ಊರ ಹೊರಗೆ ಅಮ್ಮನ ಗುಡಿಗಳಿವೆ. ಯಾರನ್ನೂ ಕೊಲ್ಲದ, ಬಹುಪಾಲು ನೋವನ್ನೂ ಕೊಡದ, ಆದರೆ ಹೊತ್ತವರು ನಾಲ್ಕು ಜನರ ನಡುವೆ ಕೈಯನ್ನು ಸೆರಗಿನಲ್ಲೋ ಜೇಬಿನಲ್ಲೋ ಅಡಗಿಸುವಂತೆ ಮಾಡುವ ಕಾಯಿಲೆಗಳಿಗೆ ಇಂಥ ದಾಖಲೆಯಿಲ್ಲ. ನರಹುಲಿ ಅಂಥ ಕಾಯಿಲೆ. ಅದನ್ನು ಕುರಿತು ಶಾಸ್ತ್ರ ಏನು ಹೇಳಿತು, ಮನೆಮದ್ದು ಏನು ಮಾಡಿತು, ಹರಕೆ ಏನು ಕೊಟ್ಟಿತು, ಸರ್ಕಾರದ ಕಾಗದ ಏನನ್ನು ಬರೆದುಕೊಂಡಿತು ಎಂಬುದನ್ನು ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ದ್ವಿಭಾಷಾ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ನಾಲ್ಕೂ ಬಗೆಯ ಬರಹ ಹಾಗೂ ಆಚರಣೆಗಳು ಚರ್ಮವನ್ನು ನೋಡಿದವು. ಚರ್ಮದೊಳಗಿನ ಮನುಷ್ಯನನ್ನು ಮಾತನಾಡಿಸಿದ್ದು ಕಡಿಮೆ ಎಂಬುದು ನನ್ನ ವಾದ.

ಸೀಮೆ

ಹಿಂದೂಪುರ ಹುಣಸೆಹಣ್ಣು, ಬೆಲ್ಲ, ರೇಷ್ಮೆಗೂಡುಗಳ ಮಾರುಕಟ್ಟೆಗೆ ಹೆಸರಾದ ಪಟ್ಟಣ. ದಕ್ಷಿಣಕ್ಕೆ ಗೌರಿಬಿದನೂರು, ಪಶ್ಚಿಮಕ್ಕೆ ಮಡಕಶಿರಾ ಮತ್ತು ಮಧುಗಿರಿ. ಕಲ್ಯಾಣದುರ್ಗದ ದಕ್ಷಿಣದ ಹಳ್ಳಿಗಳು ಪಾವಗಡಕ್ಕೆ ಅಂಟಿಕೊಂಡಿವೆ. ಪಾವಗಡವಾದರೋ ಬಹುತೇಕ ಎಲ್ಲ ದಿಕ್ಕಿನಿಂದಲೂ ಆಂಧ್ರ ಸುತ್ತುವರಿದಿರುವ ಕರ್ನಾಟಕದ ತಾಲ್ಲೂಕು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಎಂಬ ಇಂದಿನ ಹೇಮಾವತಿ ಇರುವುದು ಇದೇ ಭಾಗದಲ್ಲಿ. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯ ದೇವಾಲಯದಲ್ಲಿ ಹದಿನಾರನೆಯ ಶತಮಾನದ ಕನ್ನಡ ಶಾಸನಗಳಿವೆ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಈ ನೆಲ, 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ಅನಂತಪುರ ಜಿಲ್ಲೆಯ ಪಾಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. 2022ರ ಏಪ್ರಿಲ್ 4ರಂದು ಜಿಲ್ಲೆ ಇಬ್ಭಾಗವಾದಾಗ ಹಿಂದೂಪುರ ಮತ್ತು ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು.

ಆಡಳಿತದ ಗೆರೆಗಳು ಹೀಗೆ ಬದಲಾದರೂ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳ ಅನೇಕ ಮನೆಗಳಲ್ಲಿ ಮಾತು ಕನ್ನಡವೇ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಸಂತೆ, ಕಚೇರಿ, ಆಸ್ಪತ್ರೆಗಳ ಮಾತು ತೆಲುಗು. ಆದ್ದರಿಂದ ಇಲ್ಲಿನ ಕನ್ನಡಿಗನಿಗೆ ಕಾಯಿಲೆ ಬರುವುದು ಒಂದು ಭಾಷೆಯಲ್ಲಿ, ಅದನ್ನು ವೈದ್ಯರಿಗೆ ಹೇಳುವುದು ಇನ್ನೊಂದು ಭಾಷೆಯಲ್ಲಿ. ಜ್ವರ, ಕೆಮ್ಮುಗಳ ಮಟ್ಟಿಗೆ ಇದು ತೊಡಕಲ್ಲ. ಹೇಳಿಕೊಳ್ಳಲೇ ನಾಚಿಕೆಪಡುವ ಕಾಯಿಲೆಯ ಮಟ್ಟಿಗೆ ತೊಡಕು.

ಹೆಸರು

ಕನ್ನಡದಲ್ಲಿ ಇದಕ್ಕೆ ನರಹುಲಿ, ನರೂಲಿ, ನರುಳ್ಳಿ ಎಂಬ ರೂಪಗಳಿವೆ. ತೆಲುಗಿನಲ್ಲಿ ಪುಲಿಪಿರಿ, ಉಲಿಪಿರಿ. ತೆಲುಗಿನ ಪಕಾರ ಕನ್ನಡದಲ್ಲಿ ಹಕಾರವಾಗುವುದನ್ನು ಬಲ್ಲ ದ್ವಿಭಾಷಿಗೆ ನರಹುಲಿ, ಪುಲಿಪಿರಿ ಎರಡರಲ್ಲಿಯೂ ಹುಲಿಯೊಂದು ಕೇಳಿಸುತ್ತದೆ. ಇದು ವ್ಯುತ್ಪತ್ತಿಯ ಮಾತಲ್ಲ, ಕಿವಿಯ ಮಾತು. ಆದರೆ ಗಡಿಯಲ್ಲಿ ಶಬ್ದಗಳು ಬದುಕುವುದು ಇಂಥ ಕಿವಿಗಳಲ್ಲಿಯೇ.

ಇದಕ್ಕಿಂತ ಖಚಿತವಾದ ಸಾದೃಶ್ಯ ಮಚ್ಚೆಯದು. ತೆಲುಗಿನ ಪುಟ್ಟುಮಚ್ಚ, ಕನ್ನಡದ ಹುಟ್ಟುಮಚ್ಚೆ ಒಂದೇ ರಚನೆಯ ಪದಗಳು. ಎರಡರಲ್ಲಿಯೂ ಹುಟ್ಟಿದೆ. ನರಹುಲಿಯ ಹೆಸರಿನಲ್ಲಿ ಹುಟ್ಟಿಲ್ಲ. ಕ್ರಿಯಾಪದಗಳೂ ಈ ಭೇದವನ್ನು ಕಾಪಾಡುತ್ತವೆ. ಮಚ್ಚೆ ‘ಇದೆ’, ತೆಲುಗಿನಲ್ಲಿ ‘ಉಂದಿ’. ನರಹುಲಿ ‘ಎದ್ದಿದೆ’, ತೆಲುಗಿನಲ್ಲಿ ‘ವಚ್ಚಿಂದಿ’. ಒಂದು ಮೈಗೆ ಸೇರಿದ್ದು, ಇನ್ನೊಂದು ಮೈಯ ಮೇಲೆ ಬಂದು ಕೂತದ್ದು. ಮಚ್ಚೆಯನ್ನು ಅದೃಷ್ಟವೆಂದು ತೋರಿಸಿಕೊಳ್ಳುವ ಸಮಾಜ ನರಹುಲಿಯನ್ನು ಮಾತ್ರ ಅಡಗಿಸಬೇಕೆನ್ನುವುದರ ಬೀಜ ಈ ವ್ಯಾಕರಣದಲ್ಲಿಯೇ ಇದೆ.

ಶಾಸ್ತ್ರ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ 44 ಕ್ಷುದ್ರರೋಗಗಳ ಪಟ್ಟಿಯಿದೆ. ‘ಮಷಕ’ ಅವುಗಳಲ್ಲಿ ಒಂದು. ಕೆಲವರು ಇದನ್ನು ಮಚ್ಚೆಯೆಂದೂ ಕೆಲವರು ನರಹುಲಿಯೆಂದೂ ಅರ್ಥೈಸುತ್ತಾರೆ. ವಾತದಿಂದ ಉಂಟಾಗುವ, ಗಟ್ಟಿಯಾದ, ಉದ್ದಿನ ಕಾಳಿನಂತೆ ಕಪ್ಪಾಗಿ ಉಬ್ಬಿದ ಗಂಟು ಎಂಬುದು ಅದರ ಲಕ್ಷಣ. ಜೊತೆಗೆ ಇನ್ನೊಂದು ವಿಶೇಷಣವಿದೆ: ಅದು ‘ಅವೇದನ’, ಅಂದರೆ ನೋವಿಲ್ಲದ್ದು. ಚರ್ಮದಲ್ಲಿ ಮೊಳೆಯಂತೆ ನಿಲ್ಲುವ ‘ಚರ್ಮಕೀಲ’ವನ್ನು ಸುಶ್ರುತ ಮೂಲವ್ಯಾಧಿಯ ಸಂದರ್ಭದಲ್ಲಿ ವಿವರಿಸುತ್ತಾನೆ. ಚಿಕಿತ್ಸೆಯಾಗಿ ಶಸ್ತ್ರದಿಂದ ಕೊಯ್ದು ಕ್ಷಾರದಿಂದಲೋ ಅಗ್ನಿಯಿಂದಲೋ ಸುಡಬೇಕೆಂದು ಹೇಳಿದೆ.

ವೈದ್ಯನ ಕಣ್ಣಿನಿಂದ ನೋಡಿದರೆ ‘ಕ್ಷುದ್ರ’ ಎಂಬ ವರ್ಗೀಕರಣ ತಪ್ಪಲ್ಲ. ಸನ್ನಿಪಾತ, ರಾಜಯಕ್ಷ್ಮಗಳ ಮುಂದೆ ಇದು ಸಣ್ಣದೇ. ಆದರೆ ‘ವೇದನೆ’ ಎಂಬ ಶಬ್ದ ಕನ್ನಡ ಮತ್ತು ತೆಲುಗುಗಳಿಗೆ ಬಂದಾಗ ಮೈನೋವಿನೊಡನೆ ಮನಸ್ಸಿನ ಸಂಕಟವನ್ನೂ ಹೊತ್ತುಕೊಂಡಿತು. ಶಾಸ್ತ್ರದ ಅರ್ಥದಲ್ಲಿ ಅವೇದನವಾದದ್ದು ದೇಶಭಾಷೆಯ ಅರ್ಥದಲ್ಲಿ ಅವೇದನವಾಗಿ ಉಳಿಯಲಿಲ್ಲ. ಈ ಎರಡು ಅರ್ಥಗಳ ನಡುವಿನ ಅಂತರವೇ ನರಹುಲಿಯ ನಿಜವಾದ ಚರಿತ್ರೆ.

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಚಿಕ್ಕದಲ್ಲ. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ವೈದ್ಯವೂ ಒಂದು ವಿಷಯ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದ. ತೆಲುಗು ನಾಡಿನಲ್ಲಿ ಸಂಸ್ಕೃತ ಶ್ಲೋಕಗಳಿಗೆ ತೆಲುಗು ತಾತ್ಪರ್ಯ ಬೆರೆತ ಬಸವರಾಜೀಯಂ ವೈದ್ಯರ ಕೈಪಿಡಿಯಾಗಿ ಬಳಕೆಯಲ್ಲಿತ್ತು. ಈ ಪರಂಪರೆಯ ಕೇಂದ್ರದಲ್ಲಿರುವುದು ರೋಗ ಮತ್ತು ಔಷಧ. ರೋಗಿ ತನ್ನ ಸಂಕಟವನ್ನು ತಾನೇ ಹೇಳಿಕೊಳ್ಳುವುದಕ್ಕೆ ಈ ಪ್ರಕಾರದಲ್ಲಿ ಎಡೆಯಿಲ್ಲ. ಇದು ಕೃತಿಕಾರರ ಲೋಪವಲ್ಲ, ಪ್ರಕಾರದ ಮಿತಿ.

ಮದ್ದು

ಶಾಸ್ತ್ರದ ಕ್ಷಾರ ಮತ್ತು ಅಗ್ನಿಗಳು ಹಳ್ಳಿಯ ಮನೆಮದ್ದಿನಲ್ಲಿ ಬೇರೆ ರೂಪದಲ್ಲಿ ಕಾಣಿಸುತ್ತವೆ. ಕನ್ನಡದಲ್ಲಿ ಉತ್ತರಣಿ, ತೆಲುಗಿನಲ್ಲಿ ಉತ್ತರೇಣಿ ಎನಿಸಿಕೊಂಡ ಗಿಡವೇ ಸಂಸ್ಕೃತದ ಅಪಾಮಾರ್ಗ. ಅದರ ಬೂದಿಯಿಂದ ತೆಗೆದ ಕ್ಷಾರ ಆಯುರ್ವೇದಕ್ಕೆ ಚಿರಪರಿಚಿತ. ಸುಣ್ಣಕ್ಕೆ ಸೋಡ ಬೆರೆಸಿ ಹಚ್ಚುವುದು ಅದೇ ಕ್ಷಾರಕರ್ಮದ ಒರಟು ರೂಪ. ಕುದುರೆ ಬಾಲದ ಕೂದಲನ್ನು ನರಹುಲಿಯ ಬುಡಕ್ಕೆ ಬಿಗಿದು ಅದು ಒಣಗಿ ಬೀಳುವವರೆಗೆ ಬಿಡುವುದು ಕನ್ನಡ, ತೆಲುಗು ಹಳ್ಳಿಗಳೆರಡರಲ್ಲಿಯೂ ತಿಳಿದ ಉಪಾಯ. ಹನ್ನೊಂದನೆಯ ಶತಮಾನದ ಚಕ್ರದತ್ತನ ಗ್ರಂಥದಲ್ಲಿ ಬರುವ ಕ್ಷಾರಸೂತ್ರಕ್ಕೆ ಇದು ದೂರದ ಬಂಧು. ಕಳ್ಳಿಯ ಹಾಲು, ಗೇರಿನ ಎಣ್ಣೆ, ಊದುಬತ್ತಿಯ ಕೆಂಡ ಇವೂ ಈ ಸಾಲಿಗೆ ಸೇರಿದವು.

ಈ ಮದ್ದುಗಳ ಬೆಲೆಯನ್ನು ತೆತ್ತದ್ದು ಚರ್ಮ. ಸುಣ್ಣ, ಸೋಡ, ಗೇರೆಣ್ಣೆಗಳು ನರಹುಲಿಯ ಗಡಿಯನ್ನು ಗುರುತಿಸಲಾರವು. ಸುತ್ತಲಿನ ಚರ್ಮವನ್ನೂ ಸುಡುತ್ತವೆ. ತಾನಾಗಿ ಹೋಗಬಹುದಾಗಿದ್ದ ಗಂಟಿನ ಜಾಗದಲ್ಲಿ ಎಂದೂ ಹೋಗದ ಕಲೆ ಉಳಿಯುತ್ತದೆ. ಜನ ಇಷ್ಟು ಉರಿಯನ್ನು ಏಕೆ ಸಹಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಸರಳ. ನೋವಿಲ್ಲದ ಗಂಟೊಂದನ್ನು ತೆಗೆಯಲು ನೋವನ್ನು ತಾನಾಗಿ ತಂದುಕೊಳ್ಳುವವನಿಗೆ ಆ ಗಂಟು ನಿಜಕ್ಕೂ ಅವೇದನವಾಗಿರಲಿಲ್ಲ. ಮೈಮೇಲೆ ಉಳಿದ ಸುಟ್ಟ ಕಲೆಗಳೇ ಈ ವಿಷಯದಲ್ಲಿ ನಮಗೆ ಸಿಗುವ ದಾಖಲೆ.

ಆಧುನಿಕ ವಿಜ್ಞಾನಕ್ಕೂ ನರಹುಲಿಯ ಕಾರಣ ತಿಳಿದದ್ದು ಈಚೆಗೆ. 1907ರಲ್ಲಿ ಇಟಲಿಯ ವೈದ್ಯ ಜುಸೆಪ್ಪೆ ಚುಫೊ, ನರಹುಲಿಯ ರಸವನ್ನು ಬ್ಯಾಕ್ಟೀರಿಯಗಳು ದಾಟಲಾಗದಂತೆ ಸೋಸಿ ತನ್ನ ಚರ್ಮಕ್ಕೇ ಸೇರಿಸಿಕೊಂಡು, ಅಲ್ಲಿ ನರಹುಲಿ ಎದ್ದುದನ್ನು ತೋರಿಸಿದ. ಕಾರಣ ವೈರಸ್ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಇಂದು ಈ ಪ್ಯಾಪಿಲೋಮ ವೈರಸ್‌ಗಳ 200ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಮಕ್ಕಳಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ನರಹುಲಿಗಳು ಎರಡು ವರ್ಷಗಳೊಳಗೆ ಚಿಕಿತ್ಸೆಯಿಲ್ಲದೆಯೇ ಮಾಯವಾಗುತ್ತವೆ ಎಂಬುದು ತಿಳಿದ ವಿಚಾರ. ಹಾಗಾಗಿ ಯಾವ ಮದ್ದು ಮಾಡಿದರೂ ಅದು ಫಲಿಸಿದಂತೆ ಕಾಣುತ್ತದೆ. ಕಾಲ ಮಾಡಿದ ಕೆಲಸದ ಕೀರ್ತಿ ಕುದುರೆಯ ಕೂದಲಿಗೆ ಸಲ್ಲುತ್ತದೆ.

ಹರಕೆ

ಸಿಡುಬಿಗೆ ಅಮ್ಮನಿದ್ದಳು. ಮುಖದ ಮೇಲಿನ ಸಿಡುಬಿನ ಕುಳಿಗಳಿಗೆ ‘ಅಮ್ಮ ಬಂದು ಹೋದ ಗುರುತು’ ಎಂಬ ವಿವರಣೆಯಿತ್ತು. ಭಾರತ ಸಿಡುಬಿನಿಂದ ಮುಕ್ತವೆಂದು 1977ರಲ್ಲಿ ಘೋಷಣೆಯಾದ ಮೇಲೂ ಆ ವಿವರಣೆ ಹಳೆಯ ಮುಖಗಳಿಗೆ ಮರ್ಯಾದೆ ಕೊಡುತ್ತ ಉಳಿಯಿತು. ನರಹುಲಿಗೆ ಅಂಥ ದೊಡ್ಡ ಕಥೆಯಿಲ್ಲ. ಚರ್ಮದ ಬಾಧೆಗಳನ್ನೆಲ್ಲ ನಾಗನಿಗೆ, ಸುಬ್ರಹ್ಮಣ್ಯನಿಗೆ ಒಪ್ಪಿಸುವ ರೂಢಿಯ ಒಂದು ಮೂಲೆಯಲ್ಲಿ ಅದಕ್ಕೂ ಜಾಗ ದೊರೆಯಿತು. ಹಿಂದೂಪುರಕ್ಕೆ ಹತ್ತಿರದ ವಿದುರಾಶ್ವತ್ಥದಲ್ಲಿ ಅಶ್ವತ್ಥದ ಸುತ್ತ ಹರಕೆಯ ನಾಗರಕಲ್ಲುಗಳು ಸಾಲುಗಟ್ಟಿ ನಿಂತಿವೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯಕ್ಕೂ ಈ ಕಡೆಯ ಜನ ನಡೆದುಕೊಳ್ಳುತ್ತಾರೆ.

ದಕ್ಷಿಣ ಭಾರತದ ಅನೇಕ ಕಡೆ ನರಹುಲಿಗೆ ಉಪ್ಪು, ಮೆಣಸು, ಬೆಲ್ಲಗಳ ಹರಕೆ ಉಂಟು. ತಮಿಳುನಾಡಿನ ವೈತೀಶ್ವರನ್ ಕೋಯಿಲಿನ ಉಪ್ಪು–ಮೆಣಸಿನ ಹರಕೆ ಪ್ರಸಿದ್ಧ. ಕೊಳದಲ್ಲಿ ಬೆಲ್ಲವೋ ಉಪ್ಪೋ ಕರಗಿದಂತೆ ಗಂಟೂ ಕರಗಲಿ ಎಂಬುದು ಅದರ ಆಶಯ. ಸಾದೃಶ್ಯವೇ ಮಂತ್ರವಾಗುವ ಈ ತರ್ಕವನ್ನು ಮೂಢನಂಬಿಕೆ ಎಂದು ಬದಿಗಿರಿಸುವ ಮುನ್ನ ಅದು ಏನನ್ನು ಕೊಟ್ಟಿತೆಂಬುದನ್ನು ಗಮನಿಸಬೇಕು. ಉಪ್ಪು ಹಾಕುವವನು ಯಾರಿಗೂ ಕೈ ತೋರಿಸಬೇಕಿಲ್ಲ, ಯಾರ ಪ್ರಶ್ನೆಗೂ ಉತ್ತರಿಸಬೇಕಿಲ್ಲ. ಮುಷ್ಟಿ ಮುಚ್ಚಿಕೊಂಡೇ ಹೋಗಿ, ಮುಷ್ಟಿ ಬಿಚ್ಚಿ ಬರಬಹುದು. ಮೈಯನ್ನು ಪರರ ಕಣ್ಣಿಗೆ ಒಡ್ಡದೆ ಏನಾದರೂ ಮಾಡಿದೆನೆಂಬ ಸಮಾಧಾನವನ್ನು ವೈದ್ಯ ಕೊಡಲಿಲ್ಲ, ಹರಕೆ ಕೊಟ್ಟಿತು.

ಎಲ್ಲ ಹರಕೆಗಳೂ ಹೀಗಲ್ಲ. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನದಲ್ಲಿ ಚರ್ಮರೋಗ ಹೋಗಲೆಂದು ಜನ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳುತ್ತಿದ್ದರು. ದೀರ್ಘ ವಿವಾದದ ನಂತರ ಕರ್ನಾಟಕದ 2017ರ ಅಮಾನವೀಯ ಆಚರಣೆಗಳ ನಿಷೇಧ ಕಾಯಿದೆ ಅಂಥ ಆಚರಣೆಯನ್ನು ನಿಷೇಧಿಸಿತು. ಮುಷ್ಟಿ ಉಪ್ಪಿನ ಹರಕೆ ರೋಗಿಯ ಮಾನವನ್ನು ಕಾಯುತ್ತದೆ. ಮಡೆಸ್ನಾನ ಅದೇ ಮಾನವನ್ನು ಚಿಕಿತ್ಸೆಯ ಬೆಲೆಯಾಗಿ ಕೇಳುತ್ತದೆ. ನಂಬಿಕೆಯ ಚರಿತ್ರೆ ಬರೆಯುವವರು ಈ ಭೇದವನ್ನು ಮರೆಯಬಾರದು.

ಕಾಗದ

ಚರ್ಮದ ಮೇಲಿನ ಗುರುತುಗಳನ್ನು ಓದುವ ವಿದ್ಯೆ ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದೇಹದ ಯಾವ ಭಾಗದಲ್ಲಿ ಗುಳ್ಳೆ ಎದ್ದರೆ ಯಾವ ಫಲ ಎಂದು ಹೇಳುವ ಅಧ್ಯಾಯವೇ ಇದೆ. ಮಚ್ಚೆಯ ಫಲವನ್ನು ಹೇಳುವ ಸಣ್ಣ ಪುಸ್ತಕಗಳು ಕನ್ನಡ, ತೆಲುಗುಗಳೆರಡರಲ್ಲಿಯೂ ಇಂದಿಗೂ ಮಾರಾಟವಾಗುತ್ತವೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ಓದು ಹೆಚ್ಚು ಕಟುವಾಗುತ್ತದೆ. ಗಂಡಿನ ಗಲ್ಲದ ಗಂಟು ಗಮನಕ್ಕೆ ಬಾರದೆ ಹೋಗಬಹುದು. ಹೆಣ್ಣಿನದು ಮಾತುಕತೆಯ ವಿಷಯವಾಗುತ್ತದೆ.

ವಸಾಹತು ಆಡಳಿತ ಇದೇ ಚರ್ಮವನ್ನು ಬೇರೊಂದು ಉದ್ದೇಶಕ್ಕೆ ಓದಿತು. 1860ರಿಂದ ಮದರಾಸಿನ ಬಂದರಿನಿಂದ ನಟಾಲಿಗೆ ಕರಾರಿನ ಕೂಲಿಗಳಾಗಿ ಹೋದವರ ದಾಖಲೆಗಳಲ್ಲಿ ಹೆಸರು, ತಂದೆಯ ಹೆಸರು, ಜಾತಿ, ಊರುಗಳ ಜೊತೆಗೆ ಮೈಗುರುತಿನ ಕಲಮೂ ಇತ್ತು. ಓಡಿಹೋದರೆ ಹಿಡಿಯಲು ಅದು ಬೇಕಿತ್ತು. ಆ ಪದ್ಧತಿಯ ಸೌಮ್ಯವಾದ ಮುಂದುವರಿಕೆ ಇಂದಿಗೂ ಇದೆ. ಆಂಧ್ರಪ್ರದೇಶದ ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ವಿದ್ಯಾರ್ಥಿಯ ಗುರುತಿನ ಚಿಹ್ನೆಗಳಿಗೆ ಸ್ಥಳವಿದೆ. ನಾಮಪಟ್ಟಿ ತುಂಬುವ ದಿನ ಮಕ್ಕಳು ತಮ್ಮ ಕತ್ತು, ಕೈ, ಮುಖಗಳಲ್ಲಿ ಮಚ್ಚೆಗಳನ್ನು ಹುಡುಕುತ್ತಾರೆ. ಅಲ್ಲಿಗೆ ಬೇಕಾದದ್ದು ಹುಟ್ಟುಮಚ್ಚೆಯಂಥ ಅಳಿಸದ ಗುರುತು. ಇಂದಿದ್ದು ನಾಳೆ ಉದುರಬಹುದಾದ ನರಹುಲಿ ಕಾಗದಕ್ಕೆ ಅನರ್ಹ. ಮೈಯನ್ನು ಇಷ್ಟು ನಿಷ್ಠೆಯಿಂದ ಪರೀಕ್ಷಿಸುವ ಆ ದಿನ ಕೈಬೆರಳಲ್ಲಿ ನರಹುಲಿಯುಳ್ಳ ಮಗುವಿಗೆ ಎರಡು ಪಾಠಗಳು ಸಿಗುತ್ತವೆ: ತನ್ನ ಚರ್ಮವನ್ನು ಎಲ್ಲರೂ ನೋಡಬಹುದು, ಅದರ ಮೇಲಿರುವುದು ಲೆಕ್ಕಕ್ಕಿಲ್ಲ.

ಮಾನ

ಗ್ರೀಕಿನಲ್ಲಿ ‘ಸ್ಟಿಗ್ಮ’ ಎಂದರೆ ಚರ್ಮದ ಮೇಲೆ ಒತ್ತಿದ ಗುರುತು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಆ ಹೆಸರಿನ ಪುಸ್ತಕ ಬರೆದಾಗ, ಕಳಂಕ ಈಗಾಗಲೇ ಬಯಲಾದವರು ಮತ್ತು ಎಂದು ಬಯಲಾದೀತೋ ಎಂಬ ಭಯದಲ್ಲಿರುವವರು ಎಂದು ಎರಡು ಬಗೆ ಮಾಡಿದ. ನರಹುಲಿಯುಳ್ಳವರು ಈ ಎರಡರ ನಡುವೆ ಓಡಾಡುತ್ತಾರೆ. ಕೈ ಮುಚ್ಚಿದಾಗ ಒಂದು, ಪ್ರಸಾದಕ್ಕೆ ಕೈ ಚಾಚಿದಾಗ ಇನ್ನೊಂದು. ಮೂಗಿನ ತುದಿ ಕಡಲೆಕಾಳಿನಂತಿದ್ದ ಪೂರ್ವಜನೊಬ್ಬನಿಂದ ರೋಮಿನ ಸಿಸೆರೊನ ಮನೆತನಕ್ಕೆ ಆ ಹೆಸರು ಬಂತೆಂದು ಪ್ಲುಟಾರ್ಕ್ ಹೇಳುತ್ತಾನೆ. ಸ್ನೇಹಿತರು ಹೆಸರು ಬದಲಿಸಲು ಹೇಳಿದಾಗ ಸಿಸೆರೊ ಒಪ್ಪದೆ ಅದಕ್ಕೇ ಕೀರ್ತಿ ತರುವೆನೆಂದನಂತೆ. ಸುಶ್ರುತನ ಉದ್ದು, ರೋಮಿನ ಕಡಲೆ: ಉಪಮಾನ ಅಡುಗೆಮನೆಯಿಂದಲೇ ಬಂದಿದೆ. ಆದರೆ ಅಡ್ಡಹೆಸರನ್ನು ಬಿರುದಾಗಿಸಿಕೊಳ್ಳಲು ಬೇಕಾದ ಅಧಿಕಾರ ಸಿಸೆರೊನಿಗಿತ್ತು. ಶಾಲೆಯ ಮೂಲೆಯ ಬೆಂಚಿನಲ್ಲಿ ಕೂತ ಮಗುವಿಗೆ ಅದಿಲ್ಲ.

ಈ ಸಂಕೋಚವನ್ನು ಹೆಚ್ಚಿಸಿದ ಇನ್ನೊಂದು ನೆರಳು ಕುಷ್ಠದ್ದು. 1898ರ ಕಾಯಿದೆ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿ ಇರಿಸುವ ಅಧಿಕಾರವನ್ನು ಕೊಟ್ಟಿತ್ತು. ವಿವಾಹ ವಿಚ್ಛೇದನಕ್ಕೆ ಕುಷ್ಠವೊಂದು ಕಾರಣವೆಂಬ ವಿಧಿ ವೈಯಕ್ತಿಕ ಕಾನೂನುಗಳಿಂದ ಹೋದದ್ದು 2019ರಲ್ಲಿ. ಚರ್ಮದ ಯಾವುದೇ ಗಂಟು, ಕಲೆಯನ್ನು ಮೊದಲು ಅನುಮಾನದಿಂದ ನೋಡುವ ಅಭ್ಯಾಸಕ್ಕೆ ಹೀಗೆ ಕಾನೂನಿನ ಬೆಂಬಲವೂ ಇತ್ತು. ನರಹುಲಿ ಸ್ಪರ್ಶದಿಂದ ಹರಡಬಲ್ಲದೆಂಬುದು ನಿಜ. ಒರೆಸುವ ಬಟ್ಟೆ ಬೇರೆ ಇರುವುದು ಒಳ್ಳೆಯದು. ಆದರೆ ಬಟ್ಟೆ ಬೇರೆಯಿಡುವುದಕ್ಕೂ ಪಂಕ್ತಿಯಿಂದ ಬೇರೆ ಕೂರಿಸುವುದಕ್ಕೂ ನಡುವಿನ ದೂರ ದೊಡ್ಡದು. ಮುಟ್ಟು, ಮೈಲಿಗೆಗಳ ದೀರ್ಘ ಚರಿತ್ರೆಯುಳ್ಳ ಸಮಾಜದಲ್ಲಿ ಮುಟ್ಟಬೇಡ ಎಂಬ ವೈದ್ಯಕೀಯ ಎಚ್ಚರಿಕೆ ಕೂಡ ಹಳೆಯ ಅವಮಾನದ ದನಿಯಲ್ಲಿಯೇ ಕೇಳಿಸುತ್ತದೆ.

ಈ ಅವಮಾನವನ್ನು ಅಳೆಯುವ ಪ್ರಯತ್ನಗಳು ಆಗಿವೆ. 1994ರಲ್ಲಿ ಕಾರ್ಡಿಫಿನ ಫಿನ್ಲೇ ಮತ್ತು ಖಾನ್ ರೂಪಿಸಿದ ಚರ್ಮರೋಗಿಗಳ ಜೀವನಗುಣಮಟ್ಟದ ಸೂಚಿಯಲ್ಲಿ ಹತ್ತು ಪ್ರಶ್ನೆಗಳಿವೆ, ಒಟ್ಟು ಅಂಕ 30. ಅದರ ಎರಡನೆಯ ಪ್ರಶ್ನೆ, ಕಳೆದ ವಾರ ಚರ್ಮದ ಕಾರಣದಿಂದ ಎಷ್ಟು ಮುಜುಗರವಾಯಿತು ಎಂಬುದು. ತೌಲನಿಕ ಅಧ್ಯಯನದ ಕೆಲಸ ಶುರುವಾಗುವುದು ಇಲ್ಲಿ. ಮುಜುಗರ ಬೇರೆ, ಸಂಕೋಚ ಬೇರೆ, ನಾಚಿಕೆ ಬೇರೆ, ಮಾನ ಹೋಗುವುದು ಬೇರೆ. ತೆಲುಗಿನ ಬಿಡಿಯಂ, ಮೊಹಮಾಟಂ, ಸಿಗ್ಗು, ಪರುವು ಪೋವಡಂ ಇವಕ್ಕೆ ಸಮೀಪವಾದರೂ ಸಮವಲ್ಲ. ಸಿಗ್ಗು ಎಂಬ ಶಬ್ದ ಕನ್ನಡದಲ್ಲಿಯೂ ಇದೆ; ಈ ಅರ್ಥದಲ್ಲಿ ಎರಡು ಭಾಷೆಗಳೂ ಹಂಚಿಕೊಂಡಿರುವ ಪದ ಅದು. ‘ಆತ್ಮಗೌರವ’ ಎಂಬುದು ಎರಡರಲ್ಲಿಯೂ ಪುಸ್ತಕದ ಮಾತು. ಹಳ್ಳಿಯ ರೋಗಿ ನನ್ನ ಆತ್ಮಗೌರವ ಕುಂದಿದೆ ಎಂದು ಹೇಳುವುದಿಲ್ಲ. ನಾಲ್ಕು ಜನರಲ್ಲಿ ಕೈ ಚಾಚೋಕಾಗಲ್ಲ ಎನ್ನುತ್ತಾನೆ. ಆ ವಾಕ್ಯವನ್ನು ಲಕ್ಷಣವೆಂದು ಬರೆದುಕೊಳ್ಳುವ ವೈದ್ಯನಿಗೆ ಸೂಚಿಯ ಅರ್ಧ ಕೆಲಸ ಮುಗಿದಂತೆ.

ಇಂದು ಹಿಂದೂಪುರದಲ್ಲಿ ಚರ್ಮವೈದ್ಯರು ಸಿಗುತ್ತಾರೆ. 1969ರಿಂದ ಅನಂತಪುರದ ಗ್ರಾಮಗಳಲ್ಲಿ ಕೆಲಸ ಮಾಡುತ್ತ ಬಂದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ಸ್ಥಾಪಿಸಿದೆ. ಸ್ಯಾಲಿಸಿಲಿಕ್ ಆಮ್ಲ, ಮೈನಸ್ 196 ಡಿಗ್ರಿಯ ದ್ರವ ಸಾರಜನಕ, ವಿದ್ಯುತ್ ಸೂಜಿ ಎಂಬ ಈಗಿನ ಚಿಕಿತ್ಸೆಗಳು ಸುಶ್ರುತನ ಕ್ಷಾರಾಗ್ನಿಗಳಿಗಿಂತ ಬಹಳ ಸುರಕ್ಷಿತ. ತತ್ತ್ವದಲ್ಲಿ ಮಾತ್ರ ದೂರವಲ್ಲ. ರೋಗಿಗೂ ಹೊಸ ಹೆಸರೊಂದು ಸಿಕ್ಕಿದೆ: ವಾರ್ಟ್ಸ್. ಇಂಗ್ಲಿಷಿನ ಈ ಪದ ಹುಲಿಯಿಲ್ಲದ್ದು, ತೂಕವಿಲ್ಲದ್ದು. ಎಷ್ಟೋ ಮಂದಿ ಅದನ್ನು ಆರಿಸಿಕೊಳ್ಳುವುದು ತಿಳಿವಳಿಕೆಯಿಂದಲ್ಲ, ತಾಯಿನುಡಿಯ ಪದದಲ್ಲಿರುವ ಸಿಗ್ಗು ಅದರಲ್ಲಿಲ್ಲದ ಕಾರಣ. ಪರಭಾಷೆಯ ಪದ ಇಲ್ಲಿ ಒಂದು ಸೆರಗು.

ಅಲ್ಪಸಂಖ್ಯಾತ ಭಾಷೆಯ ಅಧ್ಯಯನ ಕೇಂದ್ರಗಳು ಶಾಸನ, ಜಾನಪದ ಗೀತೆ, ಗಾದೆಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಮೈಗೆ ಸಂಬಂಧಿಸಿದ ಮಾತುಗಳನ್ನೂ ಸಂಗ್ರಹಿಸಬೇಕಾಗಿದೆ. ಮಡಕಶಿರಾದ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಹಿಂದೂಪುರದ ಆಸ್ಪತ್ರೆಯಲ್ಲಿ ಯಾವ ಪದ ಬಳಸುತ್ತಾಳೆ, ಯಾವುದನ್ನು ನುಂಗಿಕೊಳ್ಳುತ್ತಾಳೆ ಎಂಬುದು ಭಾಷಾಶಾಸ್ತ್ರದ ಪ್ರಶ್ನೆಯೂ ಹೌದು, ಆರೋಗ್ಯದ ಪ್ರಶ್ನೆಯೂ ಹೌದು. ಎರಡು ಭಾಷೆಗಳಲ್ಲಿ ಒಂದು ಪುಟದ ಪದಪಟ್ಟಿ, ಅದರಲ್ಲಿ ಗಂಟಿನ ಹೆಸರುಗಳ ಜೊತೆಗೆ ಸಂಕೋಚದ ಹೆಸರುಗಳೂ ಇದ್ದರೆ, ಅದು ವೈದ್ಯರ ಮೇಜಿನ ಮೇಲೆ ಉಪಯೋಗಕ್ಕೆ ಬರುತ್ತದೆ. ರೋಗ ಕ್ಷುದ್ರವೆಂದು ಶಾಸ್ತ್ರ ತೀರ್ಮಾನಿಸಿ ಶತಮಾನಗಳಾದವು. ವೇದನೆ ಇದೆಯೇ ಎಂದು ರೋಗಿಯನ್ನು ಅವಳ ಮಾತಿನಲ್ಲಿ ಕೇಳುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.